ಕಾರು ಬಿಡಿ ಎಂದರು ಡಾಕ್ಟರು

ನನಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧವನ್ನು ನಮ್ಮ ಭಾವ ಬರೀ ಒಂದು ಕ್ಲಚ್ಚಿನ ಕಾರಣಕ್ಕೆ ತಪ್ಪಿಸಿದರು ಎಂದರೆ ನೀವು ನಂಬುವುದಿಲ್ಲ. ಜಾತಕ ಕೂಡಿತ್ತು, ಎತ್ತರ ಕೂಡಿತ್ತು, ಹುಡುಗನಿಗೆ ರೆಡ್‌ವುಡ್ ಸಿಟಿಯಲ್ಲಿ ಕೈತುಂಬ ಸಂಬಳದ ಕೆಲಸವಿತ್ತು. ಅವನು ಸೇತುವೆ ದಾಟಿ ಸ್ಯಾನ್ ರಮೋನಿನಲ್ಲಿದ್ದ ನಮ್ಮ ಅಕ್ಕನ ಮನೆಗೆ ಬಂದು, ಉಪ್ಪಿಟ್ಟು ಕೇಸರಿಭಾತು ತಿಂದು, ನನ್ನನ್ನು ನೋಡಿ, ನಾನೂ ಅವನನ್ನು ನೋಡಿ, ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಅಕ್ಕನ ಗಂಡ, ಅಂದರೆ ನಮ್ಮ ಭಾವ, "ಬನ್ನಿ, ಒಂದ್ ರೌಂಡ್ ಹೋಗ್ಬರೋಣ, ನೀವೇ ಕಾರು ಬಿಡಿ" ಎಂದು ಅವನ ಕೈಗೆ ತಮ್ಮ ಕಾರಿನ ಕೀಲಿ ಕೊಟ್ಟು ಕರೆದುಕೊಂಡು ಹೋದರು. ಹುಡುಗ ವಾಪಸು ಹೋದ ಮೇಲೆ ಸೋಫಾದ ಮೇಲೆ ಧೊಪ್ಪೆಂದು ಕೂತು, "ಬೇಡ" ಎಂದರು.

"ಯಾಕ್ರೀ? ಸಿಗರೇಟ್ ಸೇದ್ತಾನಾ?" ಎಂದಳು ಅಕ್ಕ.

"ಸೇದಿದ್ರೆ ಬಿಡಿಸಬಹುದಿತ್ತು. ಕ್ಲಚ್ ಮೇಲಿಂದ ಕಾಲೇ ತೆಗೆಯಲ್ಲ ಕಣೇ! ಪೂರ್ತಿ ಒತ್ತೋದೂ ಇಲ್ಲ, ಪೂರ್ತಿ ಬಿಡೋದೂ ಇಲ್ಲ. ಇವಳನ್ನ ಅಂಥವನ ಕೈಗೆ ಕೊಡ್ತೀಯಾ?"

ನನಗೆ ಹುಡುಗನ ಮೀಸೆ ಹಿಡಿಸಿರಲಿಲ್ಲ, ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ನಾನು ಮದುವೆಯಾದವರಿಗೆ ಕಾರು ಓಡಿಸಲು ಬರುವುದೇ ಇಲ್ಲ. ವಾಲ್ನಟ್ ಕ್ರೀಕಿನಿಂದ ದಿನಾ ರೈಲಿನಲ್ಲಿ ಆಫೀಸಿಗೆ ಹೋಗುತ್ತಾರೆ. ಭಾವ ಅವರನ್ನು ಮೊದಲ ದಿನವೇ ಒಪ್ಪಿಕೊಂಡುಬಿಟ್ಟರು. "ಕಾರು ಬರಲ್ಲ ಅಂದ್ರೆ ಕೆಟ್ಟದಾಗಿ ಬರಲ್ಲ ಅಂತಾನೂ ಆಯ್ತಲ್ಲ" ಎಂಬುದು ಅವರ ವಾದ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಆಗ ಬೇ ಏರಿಯಾದಲ್ಲಿ ಕನ್ನಡದವರು ಕಡಿಮೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಯಾವುದಾದರೂ ಶಾಲೆಯ ಹಾಲಿನಲ್ಲಿ ಸೇರಿದರೆ ಎಲ್ಲರಿಗೂ ಎಲ್ಲರೂ ಗೊತ್ತು. ಭಾವನಿಗೆ ಮಾತ್ರ ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಅವರ ಕಾರು ನೆನಪಿರುತ್ತಿತ್ತು. "ಏನು, ಸೈಲೆನ್ಸರ್ ರಿಪೇರಿ ಆಯ್ತಾ?" ಎಂದು ಒಬ್ಬ ದೊಡ್ಡ ವಿಜ್ಞಾನಿಯ ಬೆನ್ನು ತಟ್ಟುತ್ತಿದ್ದರು. ಊಟದ ಸಾಲಿನಲ್ಲಿ ನಿಂತಾಗ ಹೊರಗೆ ಕಾರೊಂದು ಬಂದು ನಿಂತರೆ, ತಟ್ಟೆಯಿಂದ ತಲೆ ಎತ್ತದೆ, "ಹಾಸನದವರು ಬಂದ್ರು, ಇನ್ನೂ ಫ್ಯಾನ್ ಬೆಲ್ಟ್ ಬದಲಾಯಿಸಿಲ್ಲ ಪುಣ್ಯಾತ್ಮ" ಎನ್ನುತ್ತಿದ್ದರು. ಹೋಗಿ ನೋಡಿದರೆ ಹಾಸನದವರೇ! ಆಯುಧಪೂಜೆಯ ದಿನ ಡ್ರೈವ್‌ವೇನಲ್ಲಿ ಅವರು ಬೂದುಗುಂಬಳಕಾಯಿ ಒಡೆದದ್ದನ್ನು ನೋಡಿ ಪಕ್ಕದ ಮನೆಯ ಅಮೆರಿಕನ್ ಮುದುಕ ಮೊದಲ ವರ್ಷ ಗಾಬರಿಯಾದ. ಮರುವರ್ಷ ತನ್ನ ಹಳೆಯ ಟ್ರಕ್ಕನ್ನೂ ತಂದು ಸಾಲಿನಲ್ಲಿ ನಿಲ್ಲಿಸಿ, ಟೋಪಿ ತೆಗೆದು ನಿಂತ. ಭಾವ ಅದಕ್ಕೂ ಕುಂಕುಮ ಹಚ್ಚಿ, "ಪಾಪ, ಬ್ರೇಕ್ ಹೋಗಿದೆ, ಇದಕ್ಕೇ ದೇವರು ಹೆಚ್ಚು ಬೇಕಾಗಿರೋದು" ಎಂದರು.

ಕನ್ನಡದಲ್ಲಿ "ಬಿಡು" ಎಂಬ ಮಾತಿದೆಯಲ್ಲ, ಅದು ನಮ್ಮ ಭಾವನಿಗೆಂದೇ ಹುಟ್ಟಿದ್ದಿರಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ. ಸೈಕಲ್ ಬಿಟ್ಟ, ಕಾರು ಬಿಟ್ಟ ಎಂದರೆ ಓಡಿಸಿದ ಎಂದರ್ಥ. ಹಸಿ ಸುಳ್ಳು ಹೇಳಿದರೆ ರೈಲು ಬಿಟ್ಟ ಎನ್ನುತ್ತೇವೆ. ಭಾವ ಎರಡನ್ನೂ ಸಮಸಮನಾಗಿ ಬಿಡುತ್ತಿದ್ದರು! ಅವರ ರೈಲುಗಳೆಲ್ಲ ಹೋಗುತ್ತಿದ್ದದ್ದು ಜರ್ಮನಿಗೆ. ಅಲ್ಲಿಯ ಕಾರಿನ ಬಾನೆಟ್ಟಿನ ಮೇಲೆ ತುಂಬಿದ ಕಾಫಿ ಲೋಟ ಇಟ್ಟುಕೊಂಡು ಊರಿಂದೂರಿಗೆ ಹೋಗಬಹುದಂತೆ. ಅಲ್ಲಿಯ ಹೆದ್ದಾರಿಯಲ್ಲಿ ಸ್ಪೀಡ್ ಲಿಮಿಟ್ಟೇ ಇಲ್ಲವಂತೆ. ಹಿಂದಿನಿಂದ ಯಾರಾದರೂ ವೇಗವಾಗಿ ಬಂದರೆ ಮುಂದಿನವರು ದೇವರ ಪಲ್ಲಕ್ಕಿಗೆ ದಾರಿ ಬಿಟ್ಟಂತೆ ಪಕ್ಕಕ್ಕೆ ಸರಿಯುತ್ತಾರಂತೆ. ಇಷ್ಟೆಲ್ಲ ಹೇಳುತ್ತಿದ್ದ ಮನುಷ್ಯ ಜರ್ಮನಿಯ ಮಣ್ಣು ಮೆಟ್ಟಿರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ದಿನಾ ಆರುನೂರ ಎಂಬತ್ತನೇ ಫ್ರೀವೇನಲ್ಲಿ ಐವತ್ತೈದು ಮೈಲಿಯ ಕಾನೂನನ್ನು ಬೈದುಕೊಂಡು, ಅದನ್ನೇ ಚಾಚೂ ತಪ್ಪದೆ ಪಾಲಿಸಿಕೊಂಡು, ಆಫೀಸಿಗೆ ಹೋಗಿ ಬರುತ್ತಿದ್ದರು.

ಆಮೇಲೆ ಸಣ್ಣಪುಟ್ಟವು ಶುರುವಾದವು. ಗರಾಜಿನಿಂದ ಕಾರು ತೆಗೆಯುವಾಗ ಬಲಗಡೆಯ ಕನ್ನಡಿ ಬಾಗಿಲಿಗೆ ತಗುಲಿ ಮುರಿಯಿತು. ಬಾಗಿಲು ಕಟ್ಟಿದವನಿಗೆ ಬೈದರು. ಕಸದ ಡಬ್ಬಿ ಉರುಳಿತು. ಮುನಿಸಿಪಾಲಿಟಿಗೆ ಬೈದರು. ನನ್ನ ಮನೆಯಲ್ಲಿ ಊಟಕ್ಕೆ ಕೂತಾಗ ಬಲಗಡೆ ಇಟ್ಟಿದ್ದ ಹುಳಿ ಬಟ್ಟಲಿಗೆ ಮೊಣಕೈ ತಾಗಿ ನನ್ನ ಹೊಸ ಕಾರ್ಪೆಟ್ಟಿನ ಮೇಲೆ ನುಗ್ಗೆಕಾಯಿಗಳು ಉರುಳಿದವು. "ಕಾರ್ಪೆಟ್ಟೂ ಊಟ ಮಾಡ್ಲಿ ಬಿಡು" ಎಂದರು, ನಾವೆಲ್ಲ ನಕ್ಕೆವು. ಒಂದು ಯುಗಾದಿಯ ದಿನ ಸೈಲೆನ್ಸರ್ ವಿಜ್ಞಾನಿ ಪಕ್ಕದಿಂದ ಬಂದು ಕೈ ಚಾಚಿಕೊಂಡು ನಿಂತರು, ಭಾವ ಅತ್ತ ತಿರುಗಲೇ ಇಲ್ಲ. "ನಿಮ್ಮ ಭಾವನಿಗೆ ಈಚೆಗೆ ಜಂಬ" ಎಂದು ಅವರು ನನ್ನ ಹತ್ತಿರ ಹೇಳಿದರು. ಅವತ್ತು ಮಾತ್ರ ನನಗೆ ನಗು ಬರಲಿಲ್ಲ.

ಅಕ್ಕ ಹಟ ಹಿಡಿದು ವಾಲ್ನಟ್ ಕ್ರೀಕಿನಲ್ಲಿದ್ದ ಮಂಡ್ಯ ಕಡೆಯ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದಳು. ಜೊತೆಗೆ ಬರುತ್ತೇನೆಂದರೆ ಭಾವ ಕೇಳಲಿಲ್ಲ. ಒಬ್ಬರೇ ಹೋಗಿ, ಸಾಯಂಕಾಲ ನಗುನಗುತ್ತಾ ಬಂದು, ನಾನೂ ಅಕ್ಕನೂ ಕಾಫಿ ಕುಡಿಯುತ್ತಿದ್ದಲ್ಲಿಗೇ ನಡೆದು, ಘೋಷಣೆ ಮಾಡಿದರು.

"ಡಾಕ್ಟ್ರೇ ಹೇಳಿದಾರೆ, ಇನ್ಮೇಲೆ ಕಾರು ಬಿಡಿ ಅಂತ! ಈ ವರ್ಷ ಬಿಟ್ರೆ ಇನ್ನಿಲ್ಲ ಅಂತ! ನಾನು ಜರ್ಮನಿಗೆ ಹೋಗ್ತಿದೀನಿ."

ಜರ್ಮನಿಯ ಹಳ್ಳಿಗಾಡಿನಲ್ಲಿ ಒಂದಷ್ಟು ದಿನ ದೊಡ್ಡ ದೊಡ್ಡ ಕಾರುಗಳನ್ನು ಓಡಿಸಲು ಕೊಡುವ ಪ್ರವಾಸವೊಂದರ ಬಣ್ಣದ ಕಾಗದ ಅವರ ಜೇಬಿನಲ್ಲಿತ್ತು. ಅಕ್ಕನ ಮುಖ ಅರಳಿತು. ಔಷಧಿ ಏನಾದರೂ ಕೊಟ್ಟಿದ್ದಾರೆಯೇ ಎಂದು ಕೇಳಲು ಡಾಕ್ಟರಿಗೆ ಫೋನು ಮಾಡಿದಳು. ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಗಟ್ಟಿಯಾಗಿ ಡಾಕ್ಟರು ಕೂಗಿಕೊಂಡರು.

"ಅಯ್ಯೋ ತಾಯಿ, ನಾನು ಬುಡಿ ಅಂದಿದ್ದು ಬುಟ್‌ಬುಡಿ ಅಂತ! ಓಡ್ಸೋದು ಬ್ಯಾಡ ಅಂತ! ಇದೇನ್ ಸಿವಾ ಇವರ ಕತೆ!"

ಅಕ್ಕ ಫೋನು ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಳು. ಕಣ್ಣಿನ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುವ ಕಾಯಿಲೆಯಂತೆ. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಬಲಗಡೆ ಹೆಚ್ಚು ಹೋಗಿದೆ. ಕಿಟಕಿಯ ಪರದೆಯನ್ನು ಎರಡೂ ಕಡೆಯಿಂದ ಯಾರೋ ಎಳೆಯುತ್ತಿರುವ ಹಾಗೆ. ಔಷಧಿಯಿಂದ ಅದನ್ನು ನಿಧಾನಿಸಬಹುದು, ನಿಲ್ಲಿಸಲಾಗುವುದಿಲ್ಲ. ಎದುರಿನದ್ದೂ ಒಂದು ದಿನ ಹೋಗುತ್ತದೆ.

ಭಾವ ನಿಜವಾಗಿ ತಪ್ಪು ತಿಳಿದುಕೊಂಡರೋ, ಬೇಕೆಂದೇ ತಪ್ಪು ತಿಳಿದುಕೊಂಡರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ಹೊತ್ತು ಅವರು ಬಣ್ಣದ ಕಾಗದವನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದರು. "ಕನ್ನಡ ಸರಿಯಾಗಿ ಮಾತಾಡಕ್ಕೆ ಬರಲ್ಲ ಆ ಡಾಕ್ಟ್ರಿಗೆ" ಎಂದರು. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಒಂದು ವಾರದ ಮೇಲೆ ಅಕ್ಕ ತಾನೇ ಡಾಕ್ಟರ ಹತ್ತಿರ ಹೋಗಿ ಅತ್ತು, ಜಗಳವಾಡಿ, ಒಪ್ಪಂದ ಮಾಡಿಕೊಂಡು ಬಂದಳು. ಇದೊಂದು ಸಲ, ಹಗಲಿನಲ್ಲಿ ಮಾತ್ರ, ಬಲಗಡೆ ಒಬ್ಬರು ಕೂತು ನೋಡಿ ಹೇಳುತ್ತಿರಬೇಕು, ಪ್ರವಾಸದವರಿಗೆ ವಿಷಯ ತಿಳಿಸಿರಬೇಕು. ವಾಪಸು ಬಂದ ಮೇಲೆ ಕೀಲಿ ಮುಟ್ಟಬಾರದು.

"ನೀನೇ ಕೂತ್ಕೋ ಅವರ ಪಕ್ಕ" ಎಂದಳು ನನಗೆ.

"ನಾನ್ಯಾಕೆ? ನೀನು ಹೆಂಡತಿ!"

"ಅವರು ಸ್ಪೀಡಾಗಿ ಹೋದ್ರೆ ನಾನು ಕಣ್ಣು ಮುಚ್ಕೋತೀನಿ ಕಣೇ. ಅಲ್ಲಿಗೆ ಕಾರಲ್ಲಿ ನೋಡೋರೇ ಇಲ್ಲ ಅಂತಾಯ್ತು."

ಇದು ತಮಾಷೆಯೆಂದು ಹೇಳಿದಳೋ ಏನೋ, ಹೇಳಿ ಅಡಿಗೆಮನೆಗೆ ಹೋಗಿ ಒಗ್ಗರಣೆ ಹಾಕಿದಳು, ಒಗ್ಗರಣೆಯ ಹೊಗೆ ಎಂದು ಬಹಳ ಹೊತ್ತು ಕಣ್ಣೊರೆಸಿಕೊಂಡಳು.

ಹೀಗೆ ನಾವು ಮೂವರು ಮೇ ತಿಂಗಳಿನಲ್ಲಿ, ಚಟ್ನಿಪುಡಿ, ಕೋಡುಬಳೆ, ಒಂದು ಕುಂಕುಮದ ಭರಣಿ ಸಮೇತ, ಜರ್ಮನಿಯ ಒಂದು ಹಳ್ಳಿಯ ವಸತಿಗೃಹದಲ್ಲಿ ಇಳಿದೆವು. ಅಂಗಳದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ನನಗೆ ಎಲ್ಲವೂ ನೆಲಕ್ಕೆ ಅವುಚಿ ಕೂತ ಕಪ್ಪೆಗಳ ಹಾಗೆ ಕಂಡವು. ಭಾವ ಮಾತ್ರ ಚಪ್ಪಲಿ ಬಿಟ್ಟು ಹತ್ತಿರ ಹೋದರು. ನಮ್ಮ ಪಾಲಿಗೆ ಬಂದ ಬೂದು ಬಣ್ಣದ ಕಾರಿಗೆ ಅವರು ಕುಂಕುಮ ಹಚ್ಚಿದ್ದೇ ತಡ, ನಮ್ಮ ತಂಡವನ್ನು ನಡೆಸುವ ಜರ್ಮನ್ ಓಡಿ ಬಂದು, ಗೀರು ಬಿದ್ದಿದೆಯೆಂದು ತಿಳಿದು, ಕರ್ಚೀಫಿನಿಂದ ಉಜ್ಜತೊಡಗಿದ. ಉಜ್ಜಿದಷ್ಟೂ ಹರಡಿತು! ಕೊನೆಗೆ ಭಾವ ಅವನಿಗೂ ಒಂದು ಬೊಟ್ಟು ಇಟ್ಟು ಸಮಾಧಾನ ಮಾಡಿದರು.

ಕಾರಿಗೆ ಎರಡೇ ಸೀಟು, ಅಕ್ಕ ಹಗಲೆಲ್ಲ ವಸತಿಗೃಹದಲ್ಲೇ ಉಳಿಯುತ್ತಿದ್ದಳು. ಪ್ರವಾಸದ ಕ್ರಮ ಸರಳ. ಎಲ್ಲರಿಗಿಂತ ಮುಂದೆ ಜರ್ಮನ್‌ನ ಕಾರು, ಅದರ ಹಿಂದೆ ನಾವು, ನಮ್ಮ ಹಿಂದೆ ಉಳಿದವರು. ನಮ್ಮನ್ನು ತನ್ನ ಬೆನ್ನಿಗೇ ಇಟ್ಟುಕೊಂಡದ್ದು ಅಕ್ಕ ಅವನಿಗೆ ವಿಷಯ ಹೇಳಿದ್ದರಿಂದ. ಭಾವ ಅದನ್ನು ತಮ್ಮ ಕೌಶಲಕ್ಕೆ ಸಿಕ್ಕ ಗೌರವ ಎಂದುಕೊಂಡರು, ನಾವು ಹಾಗೆಯೇ ಇರಲಿ ಎಂದು ಸುಮ್ಮನಿದ್ದೆವು. ಕಾರಿಂದ ಕಾರಿಗೆ ಮಾತಾಡಲು ಒಂದು ಪುಟ್ಟ ರೇಡಿಯೋ ಕೊಟ್ಟಿದ್ದರು. ಅದರ ಗುಂಡಿ ಒತ್ತಿದರೆ ನಿಮ್ಮ ಮಾತು ಎಲ್ಲ ಕಾರುಗಳಲ್ಲೂ ಕೇಳುತ್ತದೆ. ನನ್ನ ಕೆಲಸ ಬಲಗಡೆ ಇರುವುದನ್ನೆಲ್ಲ ಹೇಳುವುದು. ಹೊರಟ ಸ್ವಲ್ಪ ಹೊತ್ತಿಗೇ ಬಲಗಡೆಯ ಬೇಲಿಯ ಸಂದಿಯಿಂದ ಒಂದು ದೊಡ್ಡ ತಲೆ ರಸ್ತೆಗೆ ಚಾಚಿತು.

"ಭಾವಾ! ಹಸು! ಹಸು!"

ಭಯದಲ್ಲಿ ರೇಡಿಯೋದ ಗುಂಡಿಯನ್ನು ಅದುಮಿ ಹಿಡಿದಿದ್ದೆನೆಂದು ನನಗೆ ಹೇಗೆ ಗೊತ್ತಾಗಬೇಕು? ಎಲ್ಲ ಕಾರುಗಳೂ ಕಿರ್ರೆಂದು ನಿಂತವು. "ವಾಟ್ ಈಸ್ ಹಸು?" ಎಂದು ರೇಡಿಯೋದಲ್ಲಿ ಜರ್ಮನ್‌ನ ದನಿ ಬಂತು. ಭಾವ ನನ್ನ ಕೈಯಿಂದ ರೇಡಿಯೋ ಕಿತ್ತುಕೊಂಡು ವಿವರಿಸಿದರು. ಆಮೇಲೆ ಪ್ರತಿ ತಿರುವಿನಲ್ಲೂ ಅವನೇ, "ಅಟೆನ್ಷನ್, ಹಾಸೂ ಆನ್ ದ ಲೆಫ್ಟ್!" ಎನ್ನತೊಡಗಿದ. ಸಾಯಂಕಾಲದ ಹೊತ್ತಿಗೆ ಹಿಂದಿನ ಕಾರಿನಲ್ಲಿದ್ದ ಟೆಕ್ಸಸ್ಸಿನ ಗಂಡಹೆಂಡಿರೂ ಹಸು ಹಸು ಎಂದು ಕೂಗುತ್ತಿದ್ದರು. ಕನ್ನಡ ಸಂಘದವರು ಇಷ್ಟು ವರ್ಷದಲ್ಲಿ ಮಾಡಲಾಗದ ಭಾಷಾಪ್ರಚಾರ ನಮ್ಮಿಂದ ಒಂದೇ ದಿನಕ್ಕೆ ಆಯಿತು!

ಮರುದಿನ ಹೆದ್ದಾರಿ. ಬೆಳಿಗ್ಗೆ ಮಂಜಿತ್ತು, ಜರ್ಮನ್ ನಮ್ಮನ್ನು ಕಾಯಿಸಿದ. ಮಂಜು ಕರಗಿದ ಮೇಲೆ ರಸ್ತೆ ನೇರವಾಗಿ, ಖಾಲಿಯಾಗಿ, ಎದುರಿಗೆ ಬಿದ್ದಿತ್ತು. "ಬಲಗಡೆ?" ಎಂದರು ಭಾವ. "ಏನೂ ಇಲ್ಲ" ಎಂದೆ. ಗೇರು ಬದಲಾಯಿತು, ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಕಣ್ಣು ಮುಚ್ಚಿಕೊಳ್ಳುವ ಹಕ್ಕು ನನಗಿರಲಿಲ್ಲ, ಆದ್ದರಿಂದ ಬಲಗಡೆಯನ್ನೇ ನೋಡುತ್ತಾ ಏನೂ ಇಲ್ಲ, ಏನೂ ಇಲ್ಲ ಎಂದು ಜಪ ಮಾಡಿದೆ. ಒಮ್ಮೆ ಮಾತ್ರ ಕಳ್ಳತನದಿಂದ ಅವರ ಮುಖ ನೋಡಿದೆ. ಬಾಯಿಬಡುಕ ನಮ್ಮ ಭಾವ ಅಷ್ಟು ಮೌನವಾಗಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪೂಜೆಗೆ ಕೂತವರ ಮುಖ. ಎಷ್ಟು ಚೆನ್ನಾಗಿ ಓಡಿಸುತ್ತಿದ್ದರು ಎಂದರೆ, ಕಾರಿನ ಗಂಧಗಾಳಿಯಿಲ್ಲದ ನನಗೂ ಅದು ಗೊತ್ತಾಗುತ್ತಿತ್ತು. ಇಷ್ಟು ಬಲ್ಲ ಮನುಷ್ಯನಿಂದ ಇದನ್ನೇ ಕಿತ್ತುಕೊಳ್ಳಬೇಕೇ? ಕಾರೆಂದರೆ ನಾಲ್ಕು ಚಕ್ರ ಎಂದುಕೊಂಡಿರುವ ನನ್ನಂಥವರ ಕಣ್ಣು ಗಟ್ಟಿಯಾಗಿದೆಯಲ್ಲ ಎಂದು ಸಿಟ್ಟು ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ.

ಆ ರಾತ್ರಿ ಊಟದಲ್ಲಿ ಅವರು ಒಂದು ರೈಲೂ ಬಿಡಲಿಲ್ಲ. "ಹೇಗಿತ್ರೀ?" ಎಂದು ಅಕ್ಕ ಕೇಳಿದರೆ "ಚೆನ್ನಾಗಿತ್ತು" ಎಂದರು, ಅಷ್ಟೇ.

ಅದರ ಮರುದಿನ ಮಧ್ಯಾಹ್ನ ಒಂದು ಸಣ್ಣ ಹಳ್ಳಿ. ಚರ್ಚು, ಬೇಕರಿ, ರಸ್ತೆಗೆ ಒತ್ತಿಕೊಂಡ ಮನೆಗಳು. ಎಲ್ಲರೂ ನಿಧಾನವಾಗಿಯೇ ಹೋಗುತ್ತಿದ್ದೆವು. ಮೂಲೆಯ ಮನೆಯ ಸಂದಿಯಿಂದ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ಹೊರಬಂದಳು. ನಾನು "ಭಾವಾ, ಬಲಗಡೆ!" ಎಂದು ಚೀರಿದೆ, ಅವರು ಬ್ರೇಕು ಒತ್ತಿದರು, ಕಾರು ನಿಂತಿತು. ಏನೂ ಆಗಲಿಲ್ಲ. ಹೆಂಗಸು ನಮ್ಮ ಕಾರಿನ ಮುಂದೆಯೇ ದಾಟಿ, ನಿಂತದ್ದಕ್ಕೆ ಕೈಯೆತ್ತಿ ಮುಗುಳ್ನಕ್ಕು, ಸೈಕಲ್ ಹತ್ತಿ ಹೊರಟುಹೋದಳು. ಅವಳ ಪಾಲಿಗೆ ನಾವು ಮರ್ಯಾದಸ್ಥರು.

ಭಾವ ಕಾರನ್ನು ರಸ್ತೆಯ ಅಂಚಿಗೆ ಸರಿಸಿ ಎಂಜಿನ್ ಆರಿಸಿದರು. ಹಿಂದಿನ ಕಾರುಗಳು ನಮ್ಮನ್ನು ದಾಟಿ ಹೋದವು. ಅವರ ಕೈ ಇನ್ನೂ ಸ್ಟಿಯರಿಂಗ್ ಮೇಲೆಯೇ ಇತ್ತು.

"ಏನ್ ಬಣ್ಣದ ಬಟ್ಟೆ ಹಾಕಿದ್ಲು ಪುಟ್ಟೀ, ಅವಳು?"

"ಕೆಂಪು, ಭಾವ."

"ಪೂರ್ತಿ ಕೆಂಪಾ?"

"ಪೂರ್ತಿ."

"ಎದುರಿಗೆ ಬರೋ ತನಕ ನನಗೆ ಕಾಣಲೇ ಇಲ್ಲ. ಕೆಂಪು ಕೂಡ ಕಾಣಲಿಲ್ಲ ನೋಡು."

ರೇಡಿಯೋದಲ್ಲಿ ಜರ್ಮನ್ ಏನಾಯಿತೆಂದು ಕೇಳಿದ. ಭಾವ ಇಳಿದರು. ಕಾರಿನ ಸುತ್ತ ಒಂದು ಸುತ್ತು ಬಂದರು, ಅದರ ಮೈಮೇಲೆ ಕೈಯಿಟ್ಟುಕೊಂಡೇ ಬಂದರು. ನನ್ನ ಬಾಗಿಲು ತೆರೆದು, "ಇಳಿ. ಆ ಕಡೆ ಹೋಗು. ನೀನು ಬಿಡು" ಎಂದರು.

ನಾನು ಬೇಡವೆಂದೆ. ನನಗೆ ಬರುವುದಿಲ್ಲವೆಂದೆ. ಅದು ಸುಳ್ಳು, ನನಗೆ ಗೇರಿನ ಕಾರು ಕಲಿಸಿದವರು ಅವರೇ. ಹೊರಡುವ ಮೊದಲು ಅಕ್ಕ ನನ್ನ ಹೆಸರನ್ನೂ ಓಡಿಸುವವರಲ್ಲಿ ಬರೆಸಿದ್ದಳು, ಯಾಕೆಂದು ಆಗ ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಅತ್ತೆ. ಅವರು ಬಾಗಿಲು ಹಿಡಿದುಕೊಂಡು ಕಾದರು, ಆಮೇಲೆ ನಾನು ಬಿಟ್ಟ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳಲು ತಡಕಾಡಿದರು. ಆ ಕಡೆಯ ಬೆಲ್ಟು ಎಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ನಾನು ಹಳ್ಳಿ ದಾಟಿಸಿದೆ. ಭಾವ ಕಣ್ಣು ಮುಚ್ಚಿ ಕೂತು, ಎಂಜಿನ್ನಿನ ಸದ್ದು ಕೇಳಿಕೊಂಡು, "ಈಗ ಮೂರು" ಎಂದರು, "ಈಗ ನಾಲ್ಕು" ಎಂದರು. ಅವರು ಹೇಳಿದಾಗ ಬದಲಾಯಿಸಿದರೆ ಗೇರು ಬೆಣ್ಣೆಯಂತೆ ಬೀಳುತ್ತಿತ್ತು, ನಾನೇ ಅಂದಾಜು ಮಾಡಿದರೆ ಕಿರುಗುಟ್ಟುತ್ತಿತ್ತು. ಮನೆಗಳು ಮುಗಿದು ಹೊಲಗಳು ಶುರುವಾದವು. ಎದುರಿಗೆ ಯಾರೂ ಇರಲಿಲ್ಲ. ಅವರನ್ನು ಖುಷಿಪಡಿಸಬೇಕೆಂದು, ನನ್ನ ಜೀವ ಬಾಯಿಗೆ ಬಂದರೂ ಬರಲಿ ಎಂದು, ನಾನು ಕಾಲು ಒತ್ತಿದೆ. ಕಾರು ಹಾರಿತು. ನಗುತ್ತಾರೆಂದುಕೊಂಡೆ, ನಗಲಿಲ್ಲ.

"ಪುಟ್ಟೀ" ಎಂದರು ಸ್ವಲ್ಪ ಹೊತ್ತಾದ ಮೇಲೆ, "ಹಸು, ಟ್ರ್ಯಾಕ್ಟರು, ಸೈಕಲ್ಲು ಅಂತ ಬರೀ ಹೆದರಿಸೋದನ್ನೇ ಹೇಳ್ಕೊಂಡು ಬಂದಿದೀಯ. ಬಲಗಡೆ ಚೆನ್ನಾಗಿರೋದು ಏನಾದ್ರೂ ಇದೆಯೇನೇ?"

ಬಲಗಡೆ ನೋಡಿದೆ. ಇಷ್ಟು ದಿನ ಬಲಗಡೆಯನ್ನೇ ನೋಡಿಕೊಂಡು ಬಂದಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ.

"ಒಂದು ಹಳದಿ ಹೊಲ ಇದೆ, ಭಾವ. ಸಾಸಿವೆ ಥರದ್ದು. ಕಣ್ಣು ಕುಕ್ಕೋ ಹಳದಿ. ಅದರ ಆಚೆ ಒಂದು ಸಾಲು ಮರ, ಮರದ ಹಿಂದೆ…"

"ತಡಿ, ತಡಿ" ಎಂದರು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಗೇರಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಒತ್ತಿದರು.

"ಕಾರು ನಿಧಾನ ಮಾಡು, ಮಗು. ಒಂದೊಂದಾಗಿ ಹೇಳು."